ಶೇರು ಮತ್ತು ಸಾಂಬಾರು

ಬೆಳಿಗ್ಗೆ ಶೇರು ಕೊಂಡು ಮಧ್ಯಾಹ್ನ ಮೂರೂವರೆಯೊಳಗೆ ಮಾರುವವರ ನಡುವೆ ಕೂತರೆ ವಾರಕ್ಕೊಂದಾದರೂ ತಮಾಷೆ ನಡೆಯುತ್ತದೆ. ಮುಂಬೈ ಹತ್ತಿರದ ಡೊಂಬಿವಲಿಯ ಶೇರು ದಲ್ಲಾಳಿಯೊಬ್ಬರ ಕಚೇರಿಯಲ್ಲಿ ಗಿರಾಕಿಗಳ ಪರವಾಗಿ ಕಂಪ್ಯೂಟರಿನ ಗುಂಡಿ ಒತ್ತುವುದು ನನ್ನ ಕೆಲಸವಾಗಿತ್ತು. ಹೆಚ್ಚಿನದೆಲ್ಲ ಒಬ್ಬರೇ ಗಿರಾಕಿಯ ಕೃಪೆ: ಸ್ಟೇಷನ್ ಎದುರಿನ ಇಡ್ಲಿ ಹೋಟೆಲಿನ, ಕುಂದಾಪುರ ಕಡೆಯ ಮಾಲೀಕರು.

ಲಾರಿ ಸಾಲು

ಒಂದು ಬೆಳಿಗ್ಗೆ ಕಳಂಬೋಲಿಯಿಂದ ಅವರ ಫೋನು.

"ಉಕ್ಕಿನ ಶೇರು ತಕ್ಕೊಳ್ಳಿ ಮಾರಾಯ್ರೆ. ಕಬ್ಬಿಣದ ಮಾರ್ಕೆಟ್ಟಿನ ಹೊರಗೆ ಒಂದು ಮೈಲಿ ಲಾರಿ ನಿಂತಿದೆ. ಅಷ್ಟು ಡಿಮಾಂಡು."

ಕೊಂಡೆ. ಹನ್ನೊಂದು ಗಂಟೆಗೆ ಶೇರು ಬಿತ್ತು. ಮತ್ತೆ ಫೋನು. "ಲಾರಿಯವರದ್ದು ಮುಷ್ಕರವಂತೆ. ಡ್ರೈವರುಗಳು ನೆರಳಲ್ಲಿ ಇಸ್ಪೀಟು ಆಡ್ತಿದ್ದಾರೆ."

"ಅದು ಮೊದಲೇ ಕಾಣಲಿಲ್ವಾ?"

"ಕಂಡಿತ್ತು. ಡಿಮಾಂಡು ಜಾಸ್ತಿ ಅಂತ ಖುಷೀಲಿದ್ದಾರೆ ಅಂದ್ಕೊಂಡೆ."

ಸುರಂಗ

ಶೇರಿನ ಆಯ್ಕೆ ಅಷ್ಟು ಚೆಂದ, ಇನ್ನು ಮಾರುವ ಸಮಯದ ಕಥೆ. ಒಂದು ದಿನ ಫಾಸ್ಟ್ ಲೋಕಲ್ ರೈಲಿನಲ್ಲಿ ಥಾಣೆಗೆ ಹೋಗುತ್ತಾ ಫೋನು ಮಾಡಿದರು. ಅವರು ಕೊಂಡ ಶೇರು ಇಳಿಯುತ್ತಿತ್ತು. "ಮಾರಿಬಿಡಲಾ?" ಎಂದೆ. "ತಡೀರಿ, ಒಂದು ನಿಮಿಷ ನೋಡುವ," ಎಂದರು. ರೈಲು ಪಾರ್ಸಿಕ್ ಸುರಂಗ ಹೊಕ್ಕಿತು, ಫೋನು ಸತ್ತಿತು. ಅವರು ಹೇಳದೆ ನಾನು ಮಾರುವಂತಿಲ್ಲ. ಅವರು ಆಚೆ ಬೆಳಕಿಗೆ ಬರುವಾಗ ಶೇರು ಪಾತಾಳದಲ್ಲಿತ್ತು.

ಇಷ್ಟಕ್ಕಿಳಿದರೆ ಮಾರು ಎಂದು ಮೊದಲೇ ಹೇಳಿಡಬಹುದು, ಅದನ್ನೇ ಸ್ಟಾಪ್‌ಲಾಸ್ ಎನ್ನುತ್ತಾರೆ ಎಂದು ಹತ್ತನೇ ಸಲ ವಿವರಿಸಿದೆ. ತಾಳ್ಮೆಯಿಂದ ಕೇಳಿಸಿಕೊಂಡರು.

"ಅದೆಲ್ಲ ಬೇಡ. ನಾಳೆಯಿಂದ ಸ್ಲೋ ಲೋಕಲ್ ಹಿಡೀತೇನೆ. ಅದಕ್ಕೆ ಸುರಂಗ ಇಲ್ಲ."

ಅರ್ಜಿ

ಕೊನೆಗೆ ಅವರಿಗೇ ಸಾಕಾಯಿತು. ಖಾತೆ ಮುಚ್ಚುವ ಅರ್ಜಿಗೆ ಸಹಿ ಹಾಕಿ, "ಇನ್ನು ಹೋಟೆಲಲ್ಲೇ ಕೂರುವುದು," ಎಂದು ಹೋದರು. ನನಗೆ ಹಬ್ಬ. ಸಂಜೆ ಅವರ ಹೆಂಡತಿ ಬಂದರು.

"ನಿಮ್ಮ ಚಿಂತೆ ಮುಗೀತು ಅಕ್ಕ. ಅರ್ಜಿ ಇಲ್ಲೇ ಇದೆ."

"ಅದನ್ನು ಹರಿದು ಹಾಕಿ."

"ಅಕ್ಕ, ದಿನಾ ನಷ್ಟ."

"ಇಲ್ಲಿನ ನಷ್ಟ ಕಡಿಮೆ. ಇವರು ಹೋಟೆಲಲ್ಲಿ ಕೂತ ವರ್ಷ ಮೂರು ಜನ ಅಡಿಗೆಯವರು ಬಿಟ್ಟು ಹೋದರು. ಸಾಂಬಾರಿಗೆ ಎಂತ ಹಾಕ್ಬೇಕು, ಯಾವಾಗ ಹಾಕ್ಬೇಕು, ಎಲ್ಲ ಇವರೇ ಹೇಳುವುದು. ಇವರು ನಿಮ್ಮಲ್ಲಿಗೆ ಬರ್ಲಿಕ್ಕೆ ಸುರು ಮಾಡಿದ ಮೇಲೆ ಗಿರಾಕಿ ತಿರುಗಿ ಬಂದದ್ದು. ಯಾವ ಶೇರು ಏರ್ತದೆ ಅಂತ ಏನಾದರೂ ಒಂದು ಟಿಪ್ ಕೊಟ್ಟು ಇವರನ್ನು ಇಲ್ಲೇ ಇಟ್ಕೊಳ್ಳಿ."

ಆರು ವರ್ಷದ ಕೆಲಸದಲ್ಲಿ ನಾನು ಯಾರಿಗೂ ಟಿಪ್ ಕೊಟ್ಟವನಲ್ಲ. ಮರುದಿನ ಅವರಿಗೆ ಫೋನು ಮಾಡಿ ಬಾಯಿಗೆ ಬಂದ ಒಂದು ಶೇರಿನ ಹೆಸರು ಹೇಳಿದೆ. ನನ್ನ ಗ್ರಹಚಾರ, ಅದು ಏರಿತು. ಆಮೇಲೆ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಹೋಟೆಲ್ ಮಾಲೀಕರು ಮೆಟ್ಟಿಲ ಮೇಲೆ ಹಾಜರು. ಅಕ್ಕನ ಲೆಕ್ಕದಲ್ಲಿ ನನಗೆ ಕಚೇರಿಗೇ ದಿನಾ ಒಂದು ಪ್ಲೇಟ್ ಇಡ್ಲಿ ಸಾಂಬಾರು.

ಒಂದು ದಿನ ಮಾಲೀಕರು ನನ್ನ ಸಾಂಬಾರಿಗೆ ಬೆರಳದ್ದಿ ಚೀಪಿ, ಮುಖ ಗಂಭೀರ ಮಾಡಿಕೊಂಡು ಎದ್ದುನಿಂತರು. "ಬೆಲ್ಲ ಕಡಿಮೆ. ಒಮ್ಮೆ ಹೋಗಿ ಅಡಿಗೆಯವರಿಗೆ ಹೇಳಿ ಬರ್ತೇನೆ."

"ಕೂತ್ಕೊಳ್ಳಿ," ಎಂದೆ. "ಸಕ್ಕರೆ ಶೇರು ಏರೋ ಹಾಗಿದೆ."