ಗೊರಗೊರ ಸಂಹಾರ

ಗೊರಗೊರ ಎನ್ನುವ ಯಂತ್ರಕ್ಕೂ ನನಗೂ ಹುಟ್ಟುವೈರ. ರೇಡಿಯೊ, ಟೇಪ್ ರೆಕಾರ್ಡರು, ಸಭೆಯ ಮೈಕು, ಎಂಥ ಗಂಟಲು ಕೆಟ್ಟವನ್ನೂ ನನ್ನ ರಿಪೇರಿ ಅಂಗಡಿಯಲ್ಲಿ ಗುಣಪಡಿಸಿದ ಧನ್ವಂತರಿ ನಾನು! ಅಂಥ ಶತ್ರು ನನ್ನ ಮಗಳ ಕೋಣೆಯಲ್ಲೇ ಬಂದು ಕೂತರೆ ಬಿಟ್ಟೇನೆ?

ಮಗಳದು ಸಿಂಥಸೈಸರ್. ಅದು ಒಂದು ವಾದ್ಯವಲ್ಲ, ಅವಿಭಕ್ತ ಕುಟುಂಬ. ಒಂದು ಪೆಟ್ಟಿಗೆ ಸ್ವರ ಹುಟ್ಟಿಸುತ್ತದೆ, ಪಕ್ಕದ್ದು ಎಳೆಯುತ್ತದೆ, ಇನ್ನೊಂದು ಕುಗ್ಗಿಸುತ್ತದೆ. ಎಲ್ಲರ ಬಾಯಿಂದ ಎಲ್ಲರ ಕಿವಿಗೂ ವೈರು. ಸಂಜೆ ಅವಳ ಮೊದಲ ಕಾರ್ಯಕ್ರಮ. ಬೆಳಿಗ್ಗೆ ಅವಳು ಸಭಾಂಗಣ ನೋಡಲು ಹೋದಾಗ ನಾನೇ ಪರೀಕ್ಷೆಗೆ ಕೂತೆ. ಹಾಲಿನಂಥ ಸ್ವರ ಒಂದು ಪುಟ್ಟ ಪೆಟ್ಟಿಗೆಯೊಳಕ್ಕೆ ಹೋಗಿ, ನೆಗಡಿ ಹಿಡಿದ ಎಮ್ಮೆಯಾಗಿ ಹೊರಬರುತ್ತಿತ್ತು. ಅಯ್ಯೋ ಕೂಸೇ, ಇದನ್ನು ನಂಬಿಕೊಂಡು ಸಭೆ ಎದುರಿಸುತ್ತೀಯಾ? ಮುಚ್ಚಳ ಬಿಚ್ಚಿದೆ. ಸ್ವರಕ್ಕೆ ಅಡ್ಡ ಕೂತಿದ್ದ ಎರಡು ಮುದಿ ಡಯೋಡುಗಳನ್ನು ಕತ್ತರಿಸಿ ಎಸೆದೆ. ಆಹಾ, ದನಿ ಗಾಜಿನಂತೆ ತಿಳಿಯಾಯಿತು! ಕಸದ ಗಾಡಿ ಬಂತು, ಶತ್ರುಶೇಷವನ್ನೂ ಸಾಗಹಾಕಿದೆ.

ಮಗಳು ಬಂದು ಒಮ್ಮೆ ನುಡಿಸಿ, ಬಿಳಿಚಿಕೊಂಡಳು.

"ಅಪ್ಪಾ, ಇದಕ್ಕೆ ಕೈ ಹಾಕಿದ್ಯಾ?"

"ರಿಪೇರಿ ಮಾಡಿದೆ ಕಣೇ. ಗೊರಗೊರ ಅಂತಿತ್ತು."

"ಅದು ಫಜ್ ಅಪ್ಪಾ. ಗೊರಗೊರ ಅನ್ನೋದೇ ಅದರ ಕೆಲಸ. ನನ್ನ ಇಡೀ ಕಾರ್ಯಕ್ರಮ ನಿಂತಿರೋದೇ ಆ ದನಿ ಮೇಲೆ."

ಅಂಗಡಿಗೆ ಓಡಿ, ಇದ್ದಬದ್ದ ಡಯೋಡುಗಳನ್ನೆಲ್ಲ ತಂದು ಬೆಸೆದೆ. ಜೀವಮಾನವೆಲ್ಲ ಅಟ್ಟಿದ ದನಿ ಈಗ ಕೈಮುಗಿದು ಕರೆದರೆ ಬರುತ್ತದೆಯೇ? ಮಗಳು ಪ್ರತಿ ಸಲವೂ ತಲೆಯಾಡಿಸಿದಳು. "ಇದು ತುಂಬಾ ಮರ್ಯಾದಸ್ಥ ಗೊರಗೊರ, ಅಪ್ಪಾ."

ಅಷ್ಟರಲ್ಲಿ ಅಡುಗೆಮನೆಯಿಂದ ವಾರ್ತೆ ಕೇಳಿಬಂತು. ನನ್ನಾಕೆಯ ರೇಡಿಯೊ! ಸ್ಪೀಕರಿನ ಕಾಗದ ಹರಿದು, ವಾರ್ತೆ ಓದುವವರೆಲ್ಲ ಬಾಯಿತುಂಬ ಜಲ್ಲಿಕಲ್ಲು ಇಟ್ಟುಕೊಂಡಂತೆ ಮಾತಾಡುವ ರೇಡಿಯೊ. ನಾಳೆ ಸರಿಮಾಡುತ್ತೇನೆ ಎಂದು ವರ್ಷಗಳಿಂದ ನಾನು ಆಶ್ವಾಸನೆ ಕೊಡುತ್ತ ಬಂದದ್ದು.

ಮಗಳ ಕಿವಿ ನಿಮಿರಿತು. ಓಡಿಹೋಗಿ ಎತ್ತಿ ತಂದಳು. ಅದರ ಹಿಂದಿನ ಕಿಂಡಿಗೆ ಸಿಂಥಸೈಸರಿನ ವೈರು ಚುಚ್ಚಿ, ಸ್ಪೀಕರಿನೆದುರು ಮೈಕು ಇಟ್ಟು, ಒಂದು ಸ್ವರ ಹರಿಸಿದಳು. ಎಮ್ಮೆಯಲ್ಲ, ಎಮ್ಮೆಯ ಮಂದೆಯೇ ನುಗ್ಗಿತು! ಮುಂಚಿನದಕ್ಕಿಂತ ಇದೇ ಸೊಗಸು ಎಂದು ಮಗಳು ಅಮ್ಮನನ್ನು ತಬ್ಬಿಕೊಂಡಳು. ನನ್ನನ್ನಲ್ಲ.

ಸಂಜೆ ಅಡುಗೆಮನೆಯ ರೇಡಿಯೊ ವೇದಿಕೆಯೇರಿತು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪಕ್ಕದ ಕುರ್ಚಿಯವರು ಬೆರಗಾಗಿ, ಅಂಥ ದನಿ ಬರುವಂತೆ ಆ ರೇಡಿಯೊ ಮಾಡಿಕೊಟ್ಟವರು ಯಾರು ಎಂದು ಕೇಳಿದರು. ನಾನು ಎದೆಯುಬ್ಬಿಸಿ ಬಾಯಿ ತೆರೆಯುವಷ್ಟರಲ್ಲಿ ನನ್ನಾಕೆ ತಣ್ಣಗೆ ಹೇಳಿದಳು:

"ನಮ್ಮ ಯಜಮಾನರೇ. ವರ್ಷಗಟ್ಟಲೆ ಕೂತು, ಏನೂ ಮಾಡದೆ ಮಾಡಿದ್ದು."