ಮೇಯರನ್ನು ಉಳಿಸಲು ನಾನು ಪಟ್ಟ ಶ್ರಮ

ಚುನಾವಣೆ ಗೆಲ್ಲಿಸುವ ವಿದ್ಯೆ ನಮ್ಮ ಮನೆತನದ ಪಿತ್ರಾರ್ಜಿತ ಆಸ್ತಿ. ಮುಧೋಳದ ಕಡೆಯ ನಮ್ಮ ಹಳ್ಳಿಯಲ್ಲಿ ಪಂಚಾಯ್ತಿ ಅಧ್ಯಕ್ಷರ ಮೇಲೆ ಅವಿಶ್ವಾಸ ಗೊತ್ತುವಳಿ ಬಂದಾಗ ನಮ್ಮ ಕಾಕಾ ಸದಸ್ಯರನ್ನೆಲ್ಲ ಮೆಟಡೋರಿನಲ್ಲಿ ತುಂಬಿ ಗೋವಾಕ್ಕೆ ಒಯ್ದಿದ್ದರು. ಚೆನ್ನಾಗಿ ಉಣ್ಣಿಸಿ, ಮತದಾನದ ದಿನ ಬೆಳಿಗ್ಗೆ ಸೀದಾ ಸಭೆಯ ಬಾಗಿಲಿಗೆ ತಂದು ಇಳಿಸಿದರು. ಒಂದು ಮತವೂ ಆಚೀಚೆ ಆಗಲಿಲ್ಲ. ಇಂಥ ಕಾಕಾನ ಕೈಯಲ್ಲಿ ಬೆಳೆದವನು ನಾನು.

ಜರ್ಮನಿಯವರು ಕಂಪ್ಯೂಟರ್ ಬಲ್ಲವರಿಗೆ ಗ್ರೀನ್ ಕಾರ್ಡ್ ಕೊಡುತ್ತಿದ್ದ ವರ್ಷಗಳಲ್ಲಿ ನಾನೂ ಒಂದು ಕಾರ್ಡು ಹಿಡಿದು ಬಂದು, ಡಾರ್ಮ್‌ಸ್ಟಾಟ್ ಹತ್ತಿರದ ಪುಟ್ಟ ಊರಿನಲ್ಲಿ ಮನೆ ಮಾಡಿದೆ. ಆ ಊರಿಗೆ ಮೊದಲ ಗ್ರೀನ್ ಕಾರ್ಡಿನವನು ನಾನೇ! ಮೇಯರ್ ಸ್ವತಃ ಮನೆಗೆ ಬಂದು, ಕೈಕುಲುಕಿ, ಫೋಟೊ ತೆಗೆಸಿಕೊಂಡರು. ಊರಿನ ವಾರಪತ್ರಿಕೆಯಲ್ಲಿ ಅದು ಅಚ್ಚಾಯಿತು. ಪತ್ರಿಕೆಯ ಹನ್ನೆರಡು ಪ್ರತಿಗಳು ಹುಬ್ಬಳ್ಳಿಯ ನೆಂಟರ ಮನೆಗಳಿಗೆ ಪ್ರಯಾಣ ಬೆಳೆಸಿದವು. ಅಂದಿನಿಂದ ಅವರನ್ನು ನಾನು ‘ನಮ್ಮ ಮೇಯರ್’ ಎಂದೇ ಕರೆಯುತ್ತಿದ್ದೆ.

ಎರಡು ವರ್ಷದ ಬಳಿಕ ನಮ್ಮ ಮೇಯರಿಗೆ ಗಂಡಾಂತರ ಬಂತು. ಚರ್ಚಿನ ಮುಂದಿದ್ದ ಹಳೆಯ ಲಿಂಡನ್ ಮರವನ್ನು ಕಡಿಸಿ ಅವರು ಕಾರು ನಿಲ್ಲಿಸುವ ಜಾಗ ಮಾಡಿಸಿದ್ದರು. ನಗರಸಭೆಯವರು ಸಿಟ್ಟಾಗಿ, ಇವರನ್ನು ಅವಧಿಗೆ ಮುಂಚೆಯೇ ಮನೆಗೆ ಕಳಿಸಬೇಕೇ ಬೇಡವೇ ಎಂದು ಜನರ ಮುಂದೆ ಮತಕ್ಕೆ ಹಾಕಿದರು. ಇದಕ್ಕೆ ಇಲ್ಲಿ ‘ಆಬ್‌ವಾಲ್’ ಅನ್ನುತ್ತಾರೆ. ಆರಿಸಿದ ಕೈಯಿಂದಲೇ ಇಳಿಸುವುದು.

ನಾನು ಸೊಂಟ ಕಟ್ಟಿ ನಿಂತೆ.

“ನಿಮಗ ಓಟ್ ಹಾಕೋ ಹಕ್ಕ ಇಲ್ಲ. ಮತ್ಯಾಕ್ರೀ ಇದರಾಗ ಕೈ ಹಾಕ್ತೀರಿ?” ಎಂದಳು ಹೆಂಡತಿ ಶೈಲಾ.

“ನನಗ ಹಕ್ಕಿಲ್ಲ, ಖರೆ. ನನ್ನ ಕಾರಿಗೆ ಯಾರೂ ಬ್ಯಾಡ ಅಂದಿಲ್ಲಲ್ಲ.”

ಮರುದಿನವೇ ನಗರಸಭೆಯ ಕಚೇರಿಯಾದ ರಾಟ್‌ಹೌಸಿಗೆ ಹೋಗಿ, ಮತದಾರರನ್ನು ಕಾರಿನಲ್ಲಿ ಕರೆತರುವ ಹೊಣೆ ನನಗಿರಲಿ ಎಂದು ಮೇಯರಿಗೆ ಅಭಯ ಕೊಟ್ಟೆ. ಅವರು ಗಾಬರಿಯಾಗಿ ಕೈಯಾಡಿಸಿದರು. “ಬೇಡ ಹೆರ್ ಕುಲಕರ್ಣಿ. ದಯವಿಟ್ಟು ಬೇಡ. ಏನೂ ಮಾಡದಿರುವುದೇ ಒಳ್ಳೆಯದು.”

ಎಂಥ ಸಂಕೋಚದ ಮನುಷ್ಯ! ನಮ್ಮ ಕಡೆ ಪಂಕ್ತಿಯಲ್ಲಿ ಕೂತವರು ಎಲೆಗೆ ಕೈ ಅಡ್ಡ ಹಿಡಿದು ಬ್ಯಾಡ, ಬ್ಯಾಡ ಅಂದರೆ ಯಾರಾದರೂ ಹೋಳಿಗೆ ಬಡಿಸುವುದನ್ನು ನಿಲ್ಲಿಸುತ್ತಾರೆಯೇ? ಎರಡು ಸಲ ಬೇಡವೆಂದವರಿಗೆ ಮೂರನೆಯ ಸಲ ಬಡಿಸುವುದೇ ಮರ್ಯಾದೆ. ನಾನು ಬಡಿಸಲು ನಿರ್ಧರಿಸಿದೆ.

ಕೆಳಗಿನ ಮನೆಯ ಫ್ರಾವ್ ಕೆಲ್ಲರ್ ಎಂಬತ್ತು ದಾಟಿದ ಅಜ್ಜಿ. “ಮೇಯರ್ ಹೇಗೆ?” ಎಂದು ಕೇಳಿದೆ. “ಒಳ್ಳೆಯ ಮನುಷ್ಯ” ಎಂದರು. ಇನ್ನೇನು ಬೇಕು? ಅವರಿಗೂ ಅವರ ಗೆಳತಿಯರಿಗೂ ಮತಗಟ್ಟೆಯವರೆಗೆ ನಡೆಯಲು ಆಗುವುದಿಲ್ಲವೆಂದು ತಿಳಿದು ಎಲ್ಲರ ಹೆಸರು ಬರೆದುಕೊಂಡೆ. ಒಟ್ಟು ಹನ್ನೊಂದು ಅಜ್ಜಿಯರು.

ಮತದಾನದ ಭಾನುವಾರ ಬೆಳಿಗ್ಗೆ ನಮ್ಮ ಮನೆ ಚುನಾವಣಾ ಕಚೇರಿಯಾಯಿತು. ಶೈಲಾ ಗೊಣಗುತ್ತಲೇ ಶಂಕರಪೋಳಿ ಕರಿದಳು, ಚಹಾ ಕಾಸಿದಳು. ಅಜ್ಜಿಯರು ಹಬ್ಬದ ಕೋಟು ಹಾಕಿಕೊಂಡು ಬಂದು ತಟ್ಟೆ ಖಾಲಿ ಮಾಡಿದರು. ಉಂಡ ಮನೆಗೆ ಎರಡು ಬಗೆಯುವವರು ಯಾರಿದ್ದಾರೆ? ಮೂರು ಟ್ರಿಪ್ಪಿನಲ್ಲಿ ಎಲ್ಲರನ್ನೂ ಸಾಗಿಸಿ, ಚರ್ಚಿನ ಮುಂದಿನ ಹೊಸ ಜಾಗದಲ್ಲೇ ಕಾರು ನಿಲ್ಲಿಸಿದೆ.

“ಇಲ್ಲೇ ಮರದ ಕೆಳಗೆ ನಮ್ಮ ಬೆಂಚು ಇತ್ತು. ನಲವತ್ತು ವರ್ಷ ದಿನವೂ ಇಲ್ಲೇ ಕೂತಿದ್ದೆವು” ಎಂದರು ಫ್ರಾವ್ ಕೆಲ್ಲರ್.

“ಈಗ ಎಷ್ಟು ಅನುಕೂಲ ನೋಡಿ!” ಎಂದೆ ನಾನು, ಅಭಿಮಾನದಿಂದ.

ಅವರು ಕೋಲೂರಿಕೊಂಡು ಒಳಗೆ ಹೋದರು. ಅಷ್ಟು ಚುರುಕಾಗಿ ಅವರು ನಡೆದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಸಂಜೆ ರಾಟ್‌ಹೌಸಿನಲ್ಲಿ ಎಣಿಕೆ. ಆಬ್‌ವಾಲ್‌ನ ಕಾನೂನು ನನಗೆ ತಿಳಿದದ್ದು ಆಗ. ಮೇಯರ್ ಹೋಗಲಿ ಎಂಬ ಮತ ಹೆಚ್ಚು ಬಂದರೆ ಮಾತ್ರ ಸಾಲದು. ಊರಿನ ಒಟ್ಟು ಮತದಾರರಲ್ಲಿ ಇಂತಿಷ್ಟು ಪಾಲು ಜನ ಬಂದು ಹಾಗೆ ಮತ ಹಾಕಲೇಬೇಕು. ಸಿಟ್ಟಾದವರು ಸೋಮಾರಿತನದಿಂದ ಮನೆಯಲ್ಲೇ ಉಳಿದರೆ ಮೇಯರ್ ಕ್ಷೇಮ. ಅವರು ಉಳಿಯಬೇಕಾದರೆ ಊರು ಮಲಗಿರಬೇಕಿತ್ತು. ನಾನು ಊರನ್ನು ಎಬ್ಬಿಸಿ, ಚಹಾ ಕುಡಿಸಿ, ಕಾರು ಹತ್ತಿಸಿದ್ದೆ!

ಬೇಕಾದ ಸಂಖ್ಯೆಗಿಂತ ಒಂಬತ್ತು ಮತ ಹೆಚ್ಚು ಬಿದ್ದಿದ್ದವು. ಮೇಯರ್ ಹೋದರು.

ಫ್ರಾವ್ ಕೆಲ್ಲರ್ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ನೀವಿಲ್ಲದಿದ್ದರೆ ನಾವು ಹನ್ನೊಂದು ಮಂದಿ ಬರಲು ಆಗುತ್ತಲೇ ಇರಲಿಲ್ಲ.”

“ಒಳ್ಳೆಯ ಮನುಷ್ಯ ಅಂದಿದ್ದಿರಲ್ಲ?”

“ಒಳ್ಳೆಯವರೇ. ಆದರೆ ಮರ ಕಡಿದರಲ್ಲ.”

ಅಷ್ಟರಲ್ಲಿ ಮೇಯರೇ ಬಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಬಹಳ ಸಮಾಧಾನದಿಂದ ಹೇಳಿದರು: “ಎರಡನೆಯ ಟ್ರಿಪ್ಪಿನಲ್ಲಿ ಮುಂದಿನ ಸೀಟಿನಲ್ಲಿ ಕೂತವರು ನನ್ನ ಅತ್ತೆ. ಮೊಣಕಾಲು ನೋವಿದೆ, ಮನೆಯಲ್ಲೇ ಇರಿ ಎಂದು ಬೆಳಿಗ್ಗೆ ನಾನೇ ಹೇಳಿ ಬಂದಿದ್ದೆ.”

ಮನೆಗೆ ಬಂದು ವರದಿ ಒಪ್ಪಿಸಿದೆ. ಶೈಲಾ ಉಳಿದ ಶಂಕರಪೋಳಿ ಡಬ್ಬಿಗೆ ತುಂಬುತ್ತ, “ಇನ್ನೊಮ್ಮೆ ಯಾರನ್ನರ ಗೆಲ್ಲಸೋದಿದ್ರ ಅವರ ವಿರೋಧಿ ಕಡೆ ದುಡೀರಿ” ಎಂದಳು.

ಕೆಲವು ತಿಂಗಳಲ್ಲಿ ಹೊಸ ಚುನಾವಣೆ ಬಂತು. ನಮ್ಮ ಮೇಯರ್ ಛಲ ಬಿಡದೆ ಮತ್ತೆ ನಿಂತರು. ಅದೇ ಜಾಗದಲ್ಲಿ ಹೊಸ ಲಿಂಡನ್ ಸಸಿಯನ್ನೂ ಬೆಂಚನ್ನೂ ಇಡುವೆನೆಂದು ಊರಿಗೆಲ್ಲ ಮಾತು ಕೊಟ್ಟರು. ಒಂದು ದಿನ ನನಗೂ ಫೋನ್ ಮಾಡಿದರು.

“ಹೆರ್ ಕುಲಕರ್ಣಿ, ಮತದಾನದ ದಿನ ನಿಮ್ಮಿಂದ ಒಂದು ದೊಡ್ಡ ಉಪಕಾರ ಆಗಬೇಕು.”

ನನ್ನ ಎದೆ ಉಬ್ಬಿತು. “ಹೇಳಿ, ಏನು ಬೇಕಾದರೂ ಮಾಡುತ್ತೇನೆ.”

“ಕಲೋನ್‌ನ ದೊಡ್ಡ ಚರ್ಚು ನೋಡಿದ್ದೀರಾ?”

ಆ ಭಾನುವಾರ ನಸುಕಿನಲ್ಲೇ ನಾನೂ ಶೈಲಾಳೂ ಕಾರು ಹತ್ತಿ ಇನ್ನೂರು ಕಿಲೋಮೀಟರ್ ದೂರದ ಕಲೋನ್‌ಗೆ ಹೋದೆವು. ಸಂಜೆ ಮತಗಟ್ಟೆ ಮುಚ್ಚುವವರೆಗೆ ಅಲ್ಲೇ ಇದ್ದೆವು. ಮೇಯರ್ ಭಾರೀ ಅಂತರದಿಂದ ಗೆದ್ದರು. ನಾನು ಗೆಲ್ಲಿಸಿಕೊಟ್ಟ ಏಕೈಕ ಚುನಾವಣೆ ಅದು.