ಪೊದೆಯೊಳಗಿನ ಅಳಿಯ

ಪೊದೆ ಅಷ್ಟು ಚೆನ್ನಾಗಿ ಆಗದೇ ಹೋಗಿದ್ದರೆ ಈ ಕತೆಯೇ ನಡೆಯುತ್ತಿರಲಿಲ್ಲ.

ಅದು ನಿಜವಾದ ಪೊದೆಯಲ್ಲ. ಫೋಟೋ ತೆಗೆಯುವ ಗಂಡನಿಗಾಗಿ ಹೆಂಡತಿ ಮನೆಯ ಹಳೆಯ ಪರದೆಗಳನ್ನು ಗುಡಾರದ ಆಕಾರಕ್ಕೆ ಹೊಲಿದು, ತನ್ನ ಅಪ್ಪನ ಬಣ್ಣದಂಗಡಿಯಲ್ಲಿ ತಳ ಕಂಡಿದ್ದ ಡಬ್ಬವೊಂದನ್ನು ತಂದು ಹಸಿರು ಬಳಿದು, ಮೇಲೆ ಕಡ್ಡಿ, ಸೊಪ್ಪು, ಬಳ್ಳಿ ಸಿಕ್ಕಿಸಿ ಮಾಡಿಕೊಟ್ಟದ್ದು. ಒಳಗೊಂದು ಮಣೆ, ಮುಂದೆ ಕ್ಯಾಮೆರಾ ಮೂತಿ ಚಾಚುವಷ್ಟು ಕಿಂಡಿ.

"ರೀ, ನೀವು ಒಳಗೆ ಕೂತ್ರೆ ಇದ್ದೀರೋ ಇಲ್ವೋ ಯಾರಿಗೂ ಗೊತ್ತಾಗಲ್ಲ" ಎಂದಳು ಆಕೆ ಹೆಮ್ಮೆಯಿಂದ. "ಮನೇಲಿ ಕೂತ್ರೂ ಗೊತ್ತಾಗಲ್ಲ, ಆ ಮಾತು ಬೇರೆ."

ಅವನನ್ನು ಬೀದಿಯವರೆಲ್ಲ ಕೊಕ್ಕರೆ ಎನ್ನುತ್ತಿದ್ದರು. ಉದ್ದ ಕಾಲು, ಉದ್ದ ಕುತ್ತಿಗೆ, ನಿಂತರೆ ನಿಂತಲ್ಲೇ. ಯಾವ ಆಫೀಸಿಗೂ ಸೇರದ, ಯಾವ ಸ್ಟುಡಿಯೋದ ಬಾಗಿಲನ್ನೂ ಕಾಯದ ಸ್ವತಂತ್ರ ಛಾಯಾಗ್ರಾಹಕ. ಸೂರಿನ ಕೆಳಗೆ ತೆಗೆದದ್ದು ಅವನ ಪಾಲಿಗೆ ಫೋಟೋವೇ ಅಲ್ಲ. ಒಮ್ಮೆ ಯಾರದೋ ಒತ್ತಾಯಕ್ಕೆ ಮದುವೆಮನೆಗೆ ಹೋಗಿ, ಗಂಡುಹೆಣ್ಣನ್ನು ಬಿಟ್ಟು ಶಾಮಿಯಾನದ ಕಂಬದ ಮೇಲಿದ್ದ ಅಳಿಲಿನ ಫೋಟೋ ತೆಗೆದುಕೊಂಡು ಬಂದಿದ್ದ. ಅಳಿಲು ಬಹಳ ಚೆನ್ನಾಗಿ ಬಂದಿತ್ತು ಎಂಬುದನ್ನು ಆ ಮದುವೆಯವರೂ ಅಲ್ಲಗಳೆಯಲಿಲ್ಲ.

ಅವನ ಹಿಂದೆ ಆಡಿಕೊಳ್ಳುವವರು ಕೂಡ ಅವನ ಚಿತ್ರಗಳ ಮುಂದೆ ನಿಂತಾಗ ಬಾಯಿ ಮುಚ್ಚುತ್ತಿದ್ದರು. ಜೇಡರ ಬಲೆಯಲ್ಲಿ ಸಿಕ್ಕಿಬಿದ್ದ ಒಂದೇ ಒಂದು ಆಲಿಕಲ್ಲು. ಗಾಳಿಗೆ ಎಲ್ಲ ಹುಲ್ಲೂ ಒಂದು ಕಡೆ ಬಾಗಿದಾಗ ಇನ್ನೊಂದು ಕಡೆಗೆ ನಡೆಯುತ್ತಿರುವ ಮೇಕೆ. ಎಲ್ಲಕ್ಕಿಂತ ಹೆಚ್ಚಾಗಿ, ಸೂರ್ಯ ಹುಟ್ಟುವ ಮುಂಚಿನ ಕೆರೆ, ನಡುವೆ ಒಂದು ದೋಣಿ, ಸುತ್ತ ಒಂದು ನೀಲಿ. ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಇದ್ದು ಹೋಗುವ ಆ ನೀಲಿಗಾಗಿ ಅವನು ಎರಡು ಚಳಿಗಾಲ ಅದೇ ದಡದಲ್ಲಿ ಕೂತಿದ್ದ. ನೆಗಡಿ ಮೂರನೆಯ ಚಳಿಗಾಲದವರೆಗೂ ಉಳಿದಿತ್ತು.

ಬಣ್ಣದಂಗಡಿಯ ಮಾವನಿಗೆ ಮಾತ್ರ ಇದೊಂದೂ ಕೆಲಸವೆನಿಸಿದ ಹಾಗೆ ಕಾಣುತ್ತಿರಲಿಲ್ಲ. ಅವರ ಜಗತ್ತೆಲ್ಲ ಡಬ್ಬಗಳಲ್ಲಿತ್ತು. ಯಾವ ವಸ್ತು ಕಂಡರೂ ಮೊದಲು ಅದರ ಬಣ್ಣ ಹೇಳಬೇಕು. ಮೊಮ್ಮಗಳು ಹುಟ್ಟಿದಾಗ ತೊಟ್ಟಿಲಿಗೆ ಬಗ್ಗಿ "ತೆಳು ಗುಲಾಬಿ. ಒಂದೇ ಕೋಟು ಸಾಕು" ಎಂದವರು. ವ್ಯಾಪಾರದ ಗುಟ್ಟನ್ನು ಅಳಿಯನಿಗೆ ಊಟಕ್ಕೆ ಕೂತಾಗಲೆಲ್ಲ ಬಡಿಸುತ್ತಿದ್ದರು: "ಗಿರಾಕಿ ಬಂದ ಅಂತ ಡಬ್ಬ ತೆಗೀಬಾರದು ಅಳಿಯಂದ್ರೇ. ಮೊದಲು ಅವನ ಮನೆ ಗೋಡೆ ಹೊಗಳಬೇಕು."

ಹೋದ ವಾರ ಅದೇ ಊಟದಲ್ಲಿ ಪಂದ್ಯವೂ ಆಗಿಹೋಗಿತ್ತು.

"ದೊಡ್ಡ ಕ್ಯಾಲೆಂಡರಿನವರು ಮಿಂಚುಳ್ಳಿ ಫೋಟೋ ಕೇಳಿದ್ದಾರೆ ಅಂತೀರಲ್ಲ. ನಿಮ್ಮದು ಮುಖಪುಟಕ್ಕೆ ಬಂದ್ರೆ ಇನ್ನು ಜನ್ಮದಲ್ಲಿ ನಾನು ಅಂಗಡಿ ಮಾತು ಎತ್ತಲ್ಲ. ಬರಲಿಲ್ವಾ, ಸೋಮವಾರದಿಂದ ಗಲ್ಲಾದಲ್ಲಿ ಕೂರಬೇಕು. ಒಪ್ಪಿಗೇನಾ?"

ಒಪ್ಪಿದ. ಕ್ಯಾಲೆಂಡರಿನ ಸಂಪಾದಕಿ ಕೊಟ್ಟಿದ್ದ ಗಡುವಿನ ಕೊನೆಯ ದಿನವೇ ಈ ಕತೆಯ ದಿನ.

ಕೆರೆಯ ದಂಡೆಯಲ್ಲಿ, ವಾಯುವಿಹಾರದ ಕಲ್ಲುಬೆಂಚಿನ ಪಕ್ಕದಲ್ಲೇ, ನೀರಿಗೆ ಬಾಗಿದ ಒಣಕೊಂಬೆ ಇತ್ತು. ಮಿಂಚುಳ್ಳಿಯ ಖಾಯಂ ಸೀಟು. ಕತ್ತಲಿರುವಾಗಲೇ ಕೊಕ್ಕರೆ ಪೊದೆಯನ್ನು ನೆಟ್ಟು ಒಳಗೆ ತೂರಿಕೊಂಡ. ಮಿಂಚುಳ್ಳಿಗೆ ನಡೆಯುವವರು, ಕೆಮ್ಮುವವರು, ಸೊಸೆಯನ್ನು ಬಯ್ಯುವವರು ಯಾರೂ ಲೆಕ್ಕಕ್ಕಿಲ್ಲ. ನಿಂತು ತನ್ನನ್ನೇ ನೋಡುವ ಒಬ್ಬನನ್ನು ಕಂಡರೆ ಸಾಕು, ಆ ದಿನ ಆ ಕೊಂಬೆಗೆ ರಾಜೀನಾಮೆ. ಆದ್ದರಿಂದ ಒಳಗೆ ಹೋದವನು ಕೆಲಸ ಮುಗಿಯುವವರೆಗೆ ಹೊರಗೆ ಬರುವಂತಿರಲಿಲ್ಲ.

ಬೆಳಕಾಯಿತು. ಹಕ್ಕಿ ಬಂತು, ಮುಳುಗಿತು, ಮೀನು ಹಿಡಿದು ಎದ್ದಿತು. ಬೆನ್ನು ತೋರಿಸಿಕೊಂಡು. ಅವನಿಗೆ ಬೇಕಾದದ್ದು ಮುಖ: ರೆಕ್ಕೆ ಬಿಚ್ಚಿ, ಕೊಕ್ಕಿನಲ್ಲಿ ಮೀನು ಕಚ್ಚಿ, ಹನಿಗಳ ನಡುವಿನಿಂದ ನೇರವಾಗಿ ಮೇಲೇಳುವ ಆ ಕ್ಷಣ. ಅವನು ಕಾದ. ಕಾಯುವುದು ಅವನ ಕಸುಬು. ಗುಂಡಿ ಒತ್ತುವುದು ಅದರ ಕೊನೆಗೆ ಇಡುವ ಚುಕ್ಕಿ ಅಷ್ಟೆ.

ಆಗ ನಿವೃತ್ತ ಮೇಷ್ಟರು ಮತ್ತು ಎದುರುಮನೆಯಮ್ಮ ಬಂದು ಬೆಂಚಿನ ಮೇಲೆ ಕೂತರು. ಎದುರುಮನೆಯಮ್ಮನ ಕೈಯಲ್ಲಿ ಸರಪಳಿ, ಸರಪಳಿಯ ತುದಿಯಲ್ಲಿ ನಾಯಿ.

"ಮೇಷ್ಟ್ರೇ, ಈ ಪೊದೆ ನಿನ್ನೆ ಇಲ್ಲಿತ್ತಾ?"

"ಇತ್ತಾ ಅಂದ್ರೆ? ಮೂರು ವರ್ಷದಿಂದ ನೋಡ್ತಿದ್ದೀನಿ" ಎಂದರು ಮೇಷ್ಟರು. ಗೊತ್ತಿಲ್ಲ ಎಂಬ ಮಾತನ್ನು ಅವರು ವೃತ್ತಿಯಲ್ಲಿದ್ದಾಗಲೂ ಬಳಸಿದವರಲ್ಲ. "ಇದು ಬೇಸಿಗೇಲಿ ಒಣಗಿದ ಹಾಗೆ ಕಾಣುತ್ತೆ. ಬೇರು ಮಾತ್ರ ಪಾತಾಳಕ್ಕಿರುತ್ತೆ."

ನಾಯಿ ಹೆಚ್ಚು ಓದಿದ್ದಲ್ಲ. ಪೊದೆಯ ಸುತ್ತ ಮೂಸಿತು, ಒಳಗೆ ಮನುಷ್ಯನಿದ್ದಾನೆಂದು ಕಂಡುಕೊಂಡಿತು, ಆದರೂ ಪೊದೆಗೆ ಸಲ್ಲಬೇಕಾದ ಮರ್ಯಾದೆಯನ್ನು ಕಾಲೆತ್ತಿ ಸಲ್ಲಿಸಿತು. ಕೊಕ್ಕರೆಯ ಎಡ ಮೊಣಕಾಲು ಬೆಚ್ಚಗಾಯಿತು. ಅವನು ಅಲುಗಲಿಲ್ಲ. ಲೋಕದಲ್ಲಿ ಇನ್ನಾರೇ ಆಗಿದ್ದರೂ ಅಲುಗುತ್ತಿದ್ದರು.

ಅಷ್ಟರಲ್ಲಿ ಕತ್ತರಿ ಹಿಡಿದು ಮಾಲಿ ಬಂದ. ದಂಡೆಯ ಗಿಡಗಳನ್ನೆಲ್ಲ ತಾನೇ ಹೆತ್ತಂತೆ ತಿಳಿದಿದ್ದವನು. ಅಪರಿಚಿತ ಪೊದೆಯನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಇದ್ಯಾವುದು ಹೇಳದೆ ಕೇಳದೆ ಬೆಳೆದುಬಿಟ್ಟಿದೆ!"

"ಮೂರು ವರ್ಷದಿಂದ ಇದೆಯಪ್ಪಾ" ಎಂದರು ಮೇಷ್ಟರು.

"ಹಾಗಾದ್ರೆ ಮೂರು ವರ್ಷದಿಂದ ಕ್ರಾಪು ಹೊಡೆಸಿಲ್ಲ" ಎಂದು ಮಾಲಿ ಕಚಕ್ ಕಚಕ್ ಎಂದು ಮೇಲಿನ ಕಡ್ಡಿಗಳನ್ನು ಸವರತೊಡಗಿದ. ಕತ್ತರಿ ಕೊಕ್ಕರೆಯ ನೆತ್ತಿಯಿಂದ ಗೇಣುದ್ದ ಮೇಲೆ ಓಡಾಡಿತು. ಅವನು ಉದ್ದ ಕುತ್ತಿಗೆಯನ್ನು ಆಮೆಯ ಹಾಗೆ ಒಳಗೆಳೆದುಕೊಂಡ. ಕಣ್ಣು ಮಾತ್ರ ಕಿಂಡಿಯಲ್ಲೇ ಇತ್ತು.

ಜೇಬಿನಲ್ಲಿದ್ದ ಫೋನು ನಡುಗಿದ್ದು ಆಗಲೇ. ಸದ್ದು ಆರಿಸಿದ್ದ, ನಡುಕ ಆರಿಸಲು ಮರೆತಿದ್ದ. ಮಣೆಯ ಮೇಲೆ ಕೂತಿದ್ದರಿಂದ ಆ ನಡುಕ ಮರಕ್ಕಿಳಿದು ಝೂಂ ಎಂದು ಮೊಳಗಿತು. ನಿಂತಿತು. ಮತ್ತೆ ಝೂಂ ಎಂದಿತು.

"ಜೇನು!" ಎಂದು ಕಿರುಚಿ ಮಾಲಿ ಕತ್ತರಿ ಬಿಸಾಕಿ ಹಾರಿದ. ಎದುರುಮನೆಯಮ್ಮ ನಾಯಿಯನ್ನು ಎತ್ತಿಕೊಂಡು ಓಡಿದರು. ಅದರ ತೂಕಕ್ಕೆ ಎಂದೂ ಆಗದ ಕೆಲಸ ಅಂದು ಆಯಿತು. ಮಿಂಚುಳ್ಳಿಯೂ ಎದ್ದು ಆಚೆ ದಡಕ್ಕೆ ಹೋಯಿತು.

"ಗಾಬರಿಯಾಗ್ಬೇಡಿ" ಎಂದರು ಮೇಷ್ಟರು, ಎಲ್ಲರಿಗಿಂತ ದೂರದಿಂದ. "ಹೆಜ್ಜೇನು. ಹೋದ ವರ್ಷವೂ ಇದೇ ಪೊದೇಲಿ ಕಟ್ಟಿತ್ತು. ಹಸಿ ಎಲೆ ಹಾಕಿ ಹೊಗೆ ಕೊಟ್ರೆ ತಾನಾಗಿ ಹೋಗುತ್ತೆ."

ಮಾಲಿ ತರಗೆಲೆ ರಾಶಿ ಹಾಕಿ ಮೇಲೆ ಹಸಿ ಸೊಪ್ಪು ಹೊದಿಸಿದ. ಬೆಂಕಿಕಡ್ಡಿ ಗೀರುವ ಸದ್ದು ಕೇಳಿತು. ಹೊರಗೆ ಬಂದರೆ ಫೋಟೋ ಹೋಯಿತು, ಫೋಟೋ ಹೋದರೆ ಅಂಗಡಿ, ಬರದಿದ್ದರೆ ಹೊಗೆ. ಕೊಕ್ಕರೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡ.

"ಏಯ್, ಏನಪ್ಪಾ ಅದು? ಆರಿಸು!"

ಆ ದನಿ ಗುರುತು ಸಿಕ್ಕಿದಾಗ ಕೊಕ್ಕರೆಯ ಎದೆ ಫೋನಿಗಿಂತ ಜೋರಾಗಿ ನಡುಗಿತು. ಮಾವ! ಹೆಂಡತಿ ಫೋನು ಮಾಡಿದ್ದು ಇದನ್ನು ಹೇಳಲೇ ಇರಬೇಕು: "ಅಪ್ಪ ಕೆರೆ ಕಡೆ ಹೊರಟಿದ್ದಾರೆ, ಹುಷಾರು."

ಮಾವ ನಿಧಾನವಾಗಿ ಹತ್ತಿರ ಬಂದರು. ಪೊದೆಯನ್ನು ಒಂದು ಗಳಿಗೆ ನೋಡಿದರು. ಎಲೆಗಳ ನಡುವೆ ಬೆರಳು ಹಾಕಿ ತಿಕ್ಕಿದರು. "ಪಾಪದ ಹುಳ, ಅದರ ಪಾಡಿಗೆ ಇರಲಿ. ಯಾರಿಗೇನು ಮಾಡುತ್ತೆ?" ಎಂದು ಬೆಂಚಿನ ಮೇಲೆ ಕೂತರು. ಜೇನು ಅವರನ್ನು ಕಚ್ಚದ್ದನ್ನು ಕಂಡು ಉಳಿದವರೂ ಒಬ್ಬೊಬ್ಬರಾಗಿ ಮರಳಿದರು.

"ಅಳಿಯಂದ್ರು ಎಲ್ಲಿ?" ಎಂದು ಮೇಷ್ಟರು ಕೆಣಕಿದರು. "ಇನ್ನೂ ಹಕ್ಕಿ ಹಿಂದೇನೇ ಅಲೀತಿದ್ದಾರಾ? ಅಲ್ಲ ಸಾಹುಕಾರ್ರೇ, ಅದೂ ಒಂದು ಕೆಲಸವಾ?"

ಪೊದೆಯೊಳಗೆ ಕೊಕ್ಕರೆ ಕಣ್ಣು ಮುಚ್ಚಿಕೊಂಡ. ಉತ್ತರ ಅವನಿಗೆ ಬಾಯಿಪಾಠವಾಗಿತ್ತು. ಆದರೆ ಬಂದ ಉತ್ತರ ಅದಾಗಿರಲಿಲ್ಲ.

"ಮೇಷ್ಟ್ರೇ, ನಾಲಿಗೆ ಬಿಗಿ ಹಿಡೀರಿ" ಎಂದರು ಮಾವ. "ನಾನು ಹಲ್ಲು ಬಂದಾಗಿನಿಂದ ಬಣ್ಣ ಬೆರೆಸ್ತಿದ್ದೀನಿ. ಎಂಥಾ ಗಿರಾಕಿ ಎಂಥಾ ಬಣ್ಣ ಕೇಳಿದ್ರೂ ಇಲ್ಲ ಅಂದಿಲ್ಲ. ನಮ್ಮ ಅಳಿಯ ಕೆರೆ ಫೋಟೋ ತೆಗೆದಿದ್ದಾನಲ್ಲ, ಆ ನೀಲಿ. ಒಬ್ಬಳು ಹೆಣ್ಣುಮಗಳು ಅದನ್ನ ನೋಡಿ, ನನ್ನ ಕೋಣೆಗೆ ಇದೇ ಬೇಕು ಅಂದ್ಲು. ಬೆರೆಸಿದೆ. ಬೆರೆಸಿದೆ. ಅಂಗಡಿ ಬಾಗಿಲು ಹಾಕಿಕೊಂಡು ಬೆರೆಸಿದೆ. ಆಗಲಿಲ್ಲ. ಅವನು ನೀರಿನ ಮುಂದೆ ಸುಮ್ಮನೆ ಕೂತು ಅದನ್ನ ಹಿಡ್ಕೊಂಡು ಬಂದ. ಅದು ಕೆಲಸ ಅಲ್ಲದಿದ್ರೆ ನಾನು ಮಾಡಿದ್ದೇನು, ಸುಣ್ಣ ಬಳಿದದ್ದು!"

"ಮತ್ತೆ ಅಂಗಡೀಲಿ ಕೂರಿಸ್ತೀನಿ ಅಂತ ಹೆದರಿಸೋದ್ಯಾಕೆ?" ಎಂದರು ಎದುರುಮನೆಯಮ್ಮ.

"ಎದುರಿಗೆ ಹೊಗಳಿದ್ರೆ ಅಳಿಯ ಕೆಡ್ತಾನಮ್ಮ."

ಪೊದೆಯ ಕಿಂಡಿ ಮಂಜಾಯಿತು. ಹನ್ನೊಂದು ವರ್ಷ ಮಾವನ ಮನೆಯಲ್ಲಿ ಉಂಡ ಒಂದು ತುತ್ತೂ ಇಷ್ಟು ಸಿಹಿಯಾಗಿರಲಿಲ್ಲ. ಕಣ್ಣೀರು ಕೆನ್ನೆಗಿಳಿಯಿತು. ಸರಿಯಾಗಿ ಅದೇ ಹೊತ್ತಿಗೆ ಆಚೆ ದಡದಿಂದ ಮರಳಿ ಬಂದಿದ್ದ ಮಿಂಚುಳ್ಳಿ ಕೊಂಬೆಯಿಂದ ಕಲ್ಲಿನ ಹಾಗೆ ಬಿತ್ತು. ಕೊಕ್ಕರೆಗೆ ಏನೂ ಕಾಣಲಿಲ್ಲ. ಆದರೆ ಇಷ್ಟು ವರ್ಷ ಕಾದ ಬೆರಳಿಗೆ ಕಣ್ಣಿನ ಅಪ್ಪಣೆ ಬೇಕಿರಲಿಲ್ಲ. ಅದು ತಾನಾಗಿ ಒತ್ತಿತು.

ಕಣ್ಣೊರೆಸಿಕೊಂಡು ಕ್ಯಾಮೆರಾದ ಪರದೆ ನೋಡಿದ. ರೆಕ್ಕೆ ಪೂರ್ತಿ ಬಿಚ್ಚಿದೆ. ಕೊಕ್ಕಿನಲ್ಲಿ ಮೀನು. ಸುತ್ತ ಹನಿಗಳ ಹಾರ. ಹಕ್ಕಿ ನೇರವಾಗಿ ಅವನನ್ನೇ ನೋಡುತ್ತಿದೆ, "ಆಯ್ತಾ?" ಎಂಬಂತೆ.

ಪೊದೆ ಎದ್ದು ನಿಂತಿತು. ಅದಕ್ಕೆ ಎರಡು ಉದ್ದ ಕಾಲುಗಳಿದ್ದವು. ಎದುರುಮನೆಯಮ್ಮ ಕೂಗಿಕೊಂಡರು, ನಾಯಿ ಬಾಲ ಅಲ್ಲಾಡಿಸಿತು, ಮಾಲಿ ತಾನು ಕತ್ತರಿ ಆಡಿಸಿದ ಎತ್ತರವನ್ನು ನೆನೆದು ಬೆವತ. ಮೇಷ್ಟರು ಮಾತ್ರ "ನನಗೆ ಮೊದಲೇ ಗೊತ್ತಿತ್ತು" ಎಂದರು.

ಕೊಕ್ಕರೆ ಮಾವನ ಎರಡೂ ಕೈ ಹಿಡಿದುಕೊಂಡ. "ಮಾವ, ಎಲ್ಲಾ ಕೇಳಿಸ್ಕೊಂಡೆ. ನಿಮ್ಮನ್ನ ತಪ್ಪು ತಿಳಿದಿದ್ದೆ. ಇನ್ನು ನೀವು ಏನು ಕೇಳಿದ್ರೂ ಇಲ್ಲ ಅನ್ನಲ್ಲ."

"ಏನು ಕೇಳಿದ್ರೂ?"

"ಏನು ಕೇಳಿದ್ರೂ!"

"ಮೇಷ್ಟ್ರೇ, ಕೇಳಿಸ್ತಲ್ಲ?" ಎಂದರು ಮಾವ.

ಮಧ್ಯಾಹ್ನ ಚಿತ್ರ ಕ್ಯಾಲೆಂಡರಿನವರಿಗೆ ಹೋಯಿತು. ಇಳಿಹೊತ್ತಿಗೆ ಸಂಪಾದಕಿಯ ಫೋನು ಬಂತು. "ಮುಖಪುಟ ನಿಮ್ದೇ. ಆಫೀಸಲ್ಲಿ ಯಾರೂ ಕೆಲಸ ಮಾಡ್ತಿಲ್ಲ, ಎಲ್ಲಾ ಅದನ್ನೇ ನೋಡ್ತಾ ಕೂತಿದ್ದಾರೆ" ಎಂದಳು. ಕೊಕ್ಕರೆ ಕ್ಯಾಮೆರಾ ಹಿಡಿದು, ನೆಲ ಮುಟ್ಟದೆ ಬಣ್ಣದಂಗಡಿಗೆ ನಡೆದ. ಮಾವ ಚಿತ್ರವನ್ನು ಬಹಳ ಹೊತ್ತು ನೋಡಿದರು. ಹಕ್ಕಿಯ ರೆಕ್ಕೆಯ ಬಣ್ಣಕ್ಕೆ ಅವರ ಬಾಯಲ್ಲಿ ಹೆಸರು ಬರಲಿಲ್ಲ.

"ಗೆದ್ರಿ ಅಳಿಯಂದ್ರೇ. ಮಾತು ಅಂದ್ರೆ ಮಾತು, ಅಂಗಡಿ ವಿಷಯ ನಾನು ಎತ್ತಲ್ಲ. ನನಗೆ ಬೇಕಾಗಿರೋದು ಬೇರೆ. ಸೋಮವಾರದಿಂದ ಆ ಪೊದೆ ನನಗೆ ಕೊಡಿ. ಒಂದು ಹಳೇ ಕ್ಯಾಮೆರಾನೂ ಕೊಡಿ. ಜೀವಮಾನವೆಲ್ಲಾ ಈ ನಾಲ್ಕು ಗೋಡೆ ಒಳಗೆ ಆಕಾಶದ ಬಣ್ಣ ಮಾರಿದೆ. ಒಂದ್ಸಲ ಆಕಾಶದ ಕೆಳಗೆ ಕೂರಬೇಕು."

"ಅದಕ್ಕೇನು ಮಾವ, ಕೂರಿ! ಆದ್ರೆ..." ಕೊಕ್ಕರೆ ಸುತ್ತಲಿನ ಡಬ್ಬಗಳನ್ನು ನೋಡಿದ. "ಅಂಗಡಿ?"

"ನೋಡಿ, ಅಂಗಡಿ ಮಾತು ಎತ್ತಿದ್ದು ನೀವು" ಎಂದು ಮಾವ ಬೀಗದ ಗೊಂಚಲನ್ನು ಅವನ ಅಂಗೈಯಲ್ಲಿಟ್ಟರು.

ಸೋತಿದ್ದರೂ ಅಂಗಡಿ, ಗೆದ್ದರೂ ಅಂಗಡಿ. ಅಳಿಯ ಅಲ್ಲ, ಮಗಳ ಗಂಡ. ಕೊಕ್ಕರೆಗೆ ಆಗ ಎಲೆಗಳ ನಡುವೆ ಬಣ್ಣ ತಿಕ್ಕಿ ನೋಡಿದ ಬೆರಳು ನೆನಪಾಯಿತು.

"ಮಾವ, ಒಳಗೆ ನಾನಿರೋದು ನಿಮಗೆ ಗೊತ್ತಿತ್ತಾ?"

"ನಮ್ಮಂಗಡಿ ಪಾಚಿ ಹಸಿರು ನನಗೆ ಗೊತ್ತಾಗಲ್ವೇ? ಲೋಕದಲ್ಲಿ ಯಾವ ಪೊದೇನೂ ಆ ಬಣ್ಣಕ್ಕೆ ಬೆಳೆಯಲ್ಲ."

"ಹಾಗಾದ್ರೆ ಹೊಗಳಿದ್ದೆಲ್ಲ... ಗಿರಾಕಿ ಮನೆ ಗೋಡೆನಾ?"

ಮಾವ ಕೈ ಚಾಚಿ ಗಲ್ಲಾದ ಹಿಂದಿನ ದೀಪ ಹಾಕಿದರು. ಅಲ್ಲಿ, ಗಿರಾಕಿಗಳಿಗೆ ಕಾಣದ, ಕೂತವನಿಗೆ ಮಾತ್ರ ಕಾಣುವ ಗೋಡೆಯ ಮೇಲೆ ಆ ಕೆರೆಯ ಚಿತ್ರ ತೂಗಿತ್ತು. ಅದರ ಸುತ್ತ, ಕೈಗೆಟಕುವಷ್ಟು ಎತ್ತರದವರೆಗೂ, ಬೆರಳಗಲದ ನೀಲಿ ಗುರುತುಗಳು. ಒಂದೊಂದೂ ಒಂದೊಂದು ಬೆರಕೆ. ಒಂದೂ ಹೊಂದಿರಲಿಲ್ಲ.

ಕೊಕ್ಕರೆ ಗಲ್ಲಾದ ಕುರ್ಚಿಯಲ್ಲಿ ಕೂತ. ಮೆಲ್ಲಗೆ ಕೇಳಿದ:

"ಎಷ್ಟು ದಿನ ಮಾವ?"

ಮಾವ ಆಗಲೇ ಅಳಿಯನ ಕ್ಯಾಮೆರಾವನ್ನು ತಮ್ಮ ಕೊರಳಿಗೆ ಹಾಕಿಕೊಂಡು, ಮುಚ್ಚಳ ತೆಗೆಯದೆ ಕಣ್ಣಿಗಿಟ್ಟು ನೋಡುತ್ತಿದ್ದರು.

"ಹೆಚ್ಚೇನಿಲ್ಲ ಅಳಿಯಂದ್ರೇ. ಆ ನೀಲಿ ಸಿಗೋವರೆಗೂ, ಅಷ್ಟೆ."